ಕಾಲೋನಿ ಮನೆಗಳ ದುರಸ್ತಿ: ನಾವು ಕಂಡದ್ದು, ಮಾಡಿದ್ದು

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮನೆ ದುರಸ್ತಿ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಸಹಕಾರದ ಬಗ್ಗೆ ಮಾತನಾಡಲು ನಿಂತವರು ಮೊದಲು ಗದಗ ಸೀಮೆಯ ಕಣಗಿನಹಾಳಕ್ಕೆ ಹೋಗಿ, 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಂಘಕ್ಕೆ ನಮಸ್ಕರಿಸಿ ಬರುವುದು ರೂಢಿ. ನಾವೂ ನಮಸ್ಕರಿಸುತ್ತೇವೆ. ಆದರೆ ನಮಗೆ ಕೊಟ್ಟಿರುವ ವಿಷಯ ಅಷ್ಟು ದೊಡ್ಡದಲ್ಲ. ಮಾಡು ಸೋರುವ ವಿಷಯ. ಊಟಕ್ಕೆ ಮುಂಚೆ ಈ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಸೋರುವ ಮನೆಯಲ್ಲಿ ಊಟಕ್ಕೆ ಕೂತವರಿಗೆ ಮಾತ್ರ ಹಾಗನ್ನಿಸುವುದಿಲ್ಲ.

ನಮ್ಮೂರ ಕಾಲೋನಿಯಲ್ಲಿ 58 ಮನೆಗಳಿವೆ. ಕೆರೆ ಏರಿಯ ಕಡೆಯ ಮೊದಲ ಸಾಲು ದೇವರಾಜ ಅರಸರ ಕಾಲದ ಜನತಾ ಮನೆಗಳು. ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು. ಹಿಂದಿನ ಸಾಲು 1991-92ರಲ್ಲಿ ಆಶ್ರಯ ಯೋಜನೆ ಬಂದ ಮೇಲೆ ಕಟ್ಟಿದ್ದು. ಇಟ್ಟಿಗೆ ಗೋಡೆ, ತಾರಸಿ. ನಡುವೆ ಅಲ್ಲೊಂದು ಇಲ್ಲೊಂದು ಇಂದಿರಾ ಆವಾಸ್ ಮನೆ. ಹಕ್ಕುಪತ್ರ ಕೊಟ್ಟ ದಿನ, ಗೃಹಪ್ರವೇಶದ ದಿನ, ಫೋಟೋ ತೆಗೆದ ದಿನ ಎಲ್ಲರಿಗೂ ನೆನಪಿದೆ. ಆಮೇಲೆ ಆ ಮನೆಗಳನ್ನು ನೋಡಲು ಯಾರೂ ಬರಲಿಲ್ಲ.

ಇದರಲ್ಲಿ ಯಾರನ್ನೂ ದೂರುವುದಕ್ಕಾಗುವುದಿಲ್ಲ, ವ್ಯವಸ್ಥೆ ಇರುವುದೇ ಹಾಗೆ. ಸರ್ಕಾರಿ ನೌಕರರ ವಸತಿಗೃಹವಾದರೆ ಅದಕ್ಕೊಂದು ಇಲಾಖೆ ಇರುತ್ತದೆ, ಸುಣ್ಣ ಬಳಿಯುವುದಕ್ಕೂ ಒಂದು ಲೆಕ್ಕ ಇರುತ್ತದೆ. ನಮ್ಮ ಮನೆ ಹಾಗಲ್ಲ. ಹಕ್ಕುಪತ್ರ ಕೈಗೆ ಬಂದ ಕ್ಷಣದಿಂದ ಮನೆ ನಮ್ಮದು, ಸೋರಿದರೆ ಸೋರಿಕೆಯೂ ನಮ್ಮದು. ಹೊಸ ಮನೆ ಕೇಳೋಣ ಎಂದರೆ ಅದಕ್ಕೂ ಒಂದು ತೊಡಕು. 2016ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಂತು. ಬಯಲು ಸೀಮೆಗೆ 1 ಲಕ್ಷ 20 ಸಾವಿರ ರೂಪಾಯಿ, ಕನಿಷ್ಠ 25 ಚದರ ಮೀಟರ್ ಮನೆ. ಆದರೆ ಅದು ಮನೆಯೇ ಇಲ್ಲದವರಿಗೆ, ಇಲ್ಲವೇ ಗೋಡೆಯೂ ಮಾಡೂ ಎರಡೂ ಕಚ್ಚಾ ಆಗಿರುವವರಿಗೆ. ಮೊದಲ ಪಟ್ಟಿಗೆ ಆಧಾರವಾದ 2011ರ ಗಣತಿಯಲ್ಲಿ ಕಾರ್ಖಾನೆಯ ಹಂಚು ಎಂದರೆ ಪಕ್ಕಾ ಮಾಡು. ಕೆಳಗೆ ಮಣ್ಣಿನ ಗೋಡೆ ಕರಗಿ ಬೀಳುತ್ತಿದ್ದರೂ ಮೇಲೆ ಮಂಗಳೂರು ಹಂಚಿದೆ ಎಂಬ ಕಾರಣಕ್ಕೆ ಮನೆ ಪಟ್ಟಿಯಿಂದ ಹೊರಗೆ. ತಾರಸಿಯಿಂದ ಕಾಂಕ್ರೀಟು ಉದುರುತ್ತಿದ್ದರೂ ಅದು ಪಕ್ಕಾ ಮನೆಯೇ. ಹೀಗಾಗಿ ಇರುವ ಮನೆಯನ್ನು ಉಳಿಸಿಕೊಳ್ಳುವುದೇ ಕಾಲೋನಿಯವರಿಗೆ ಉಳಿದ ದಾರಿ.

ಇದು ನಮಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮಗೆ ಬುದ್ಧಿ ಬಂದದ್ದು 2013ರಲ್ಲಿ.

ಆ ವರ್ಷ ಫೆಬ್ರವರಿ ತಿಂಗಳಲ್ಲಿ ಒಂದು ಕಚೇರಿಯಿಂದ ಕಾಲೋನಿ ಸುಧಾರಣೆಗೆಂದು ಸ್ವಲ್ಪ ಹಣ ಬಂತು. ಮಾರ್ಚ್ 31ರೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ವಾಪಸು. ಯಾವ ಮನೆಗೆ ಏನು ಬೇಕು ಎಂಬ ಪಟ್ಟಿ ಎರಡು ದಿನದಲ್ಲಿ ಕೊಡಿ ಎಂದರು. ನಾವು ಸಂಘದ ಜಗುಲಿಯ ಮೇಲೆ ಕೂತು ಪಟ್ಟಿ ಮಾಡಿದೆವು. ಬಂದವರ ಹೆಸರು ಬರೆದೆವು, ಗಟ್ಟಿಯಾಗಿ ಕೇಳಿದವರ ಹೆಸರನ್ನು ಮೇಲೆ ಬರೆದೆವು. ಒಂದು ಮನೆಯನ್ನೂ ಒಳಹೊಕ್ಕು ನೋಡಲಿಲ್ಲ. ಬೇಗ ಮುಗಿಯುವ ಕೆಲಸ ಯಾವುದು? ಬಣ್ಣ. ಯುಗಾದಿಯ ಹೊತ್ತಿಗೆ ಎರಡೂ ಸಾಲಿನ ಮುಂಗೋಡೆಗಳು ತಿಳಿಹಳದಿಯಾಗಿ ಹೊಳೆಯುತ್ತಿದ್ದವು. ನಾವೇ ನಿಂತು ಫೋಟೋ ತೆಗೆಸಿಕೊಂಡೆವು.

ಹಿಂದಿನ ಸಾಲಿನ ಕೊನೆ ಮನೆಯಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಇದ್ದರು. ಎರಡು ವರ್ಷದಿಂದ ರೇಷನ್‌ಗೆ ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಬಾಗಿಲ ಮೇಲಿಂದ ಪುಡಿ ಉದುರ್ತದೆ ಕಣ್ರೋ, ಯಾರಾದ್ರೂ ಬಂದು ನೋಡ್ರೋ." ಆಯ್ತಜ್ಜಿ, ಬರ್ತೀವಜ್ಜಿ ಎನ್ನುತ್ತಿದ್ದೆವು. ಅವರ ಮನೆಗೂ ಬಣ್ಣ ಹೊಡೆಸಿದೆವು. ಬಾಗಿಲ ಮೇಲಿನ ಸಜ್ಜಾದ ಬಿರುಕಿನ ಮೇಲೂ ಬಣ್ಣ ಬಿತ್ತು. ಆರಿದ್ರಾ ಮಳೆಯ ಮೂರನೇ ದಿನ ಬೆಳಗ್ಗೆ ಆ ಸಜ್ಜಾ ಪೂರ್ತಿಯಾಗಿ ಕಳಚಿ ಬಿತ್ತು. ಹುಡುಗ ಶಾಲೆ ಚೀಲ ಮರೆತೆನೆಂದು ಆಗಷ್ಟೇ ಒಳಗೆ ತಿರುಗಿದ್ದ. ಒಂದು ಮೊಳದ ಅಂತರ. ನಾವು ಓಡಿ ಹೋದಾಗ ಅಜ್ಜಿ ಅಳುತ್ತಿರಲಿಲ್ಲ, ಬಯ್ಯಲೂ ಇಲ್ಲ. "ನಾನು ಹೇಳಿರ್ಲಿಲ್ವೇನ್ರೋ?" ಎಂದಷ್ಟೇ ಕೇಳಿದರು. ಈ ವೇದಿಕೆಯ ಮೇಲಿರುವ ಮೂವರು ಅಂದು ಅಲ್ಲಿದ್ದೆವು. ಯಾರ ಬಾಯಲ್ಲೂ ಮಾತಿರಲಿಲ್ಲ.

ಬಿದ್ದ ಸಜ್ಜಾವನ್ನು ನಮ್ಮೂರಿನವರೇ ಆದ ಒಬ್ಬ ನಿವೃತ್ತ ಎಂಜಿನಿಯರಿಗೆ ತೋರಿಸಿದೆವು. ಅವರು ಕಂಬಿ ತೋರಿಸಿ ಹೇಳಿದ್ದು ಇಲ್ಲಿ ಹೇಳಲೇಬೇಕು, ಏಕೆಂದರೆ ಮನೆ ಕಟ್ಟಿಸುವವರು ಇಲ್ಲಿ ಬಹಳ ಜನ ಇದ್ದೀರಿ. ಸಜ್ಜಾ ಗೋಡೆಯಿಂದ ಆಚೆಗೆ ಚಾಚಿ ನಿಂತಿರುತ್ತದೆ, ಕೆಳಗೆ ಆಧಾರ ಇಲ್ಲ. ಹಾಗಾಗಿ ಎಳೆತ ಬೀಳುವುದು ಅದರ ಮೇಲ್ಭಾಗದಲ್ಲಿ. ಮುಖ್ಯ ಕಂಬಿ ಮೇಲ್ಗಡೆ ಇರಬೇಕು. ಕಾಂಕ್ರೀಟು ಹಾಕುವಾಗ ಆಳುಗಳು ಕಂಬಿಯ ಮೇಲೆ ಕಾಲಿಟ್ಟು ಓಡಾಡಿದರೆ ಅದು ಕೆಳಕ್ಕೆ ಕೂರುತ್ತದೆ. ಹೊರಗಿನಿಂದ ಸಜ್ಜಾ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಬಲವಿಲ್ಲ. ಅಜ್ಜಿ ಮನೆಯ ಸಜ್ಜಾದಲ್ಲಿ ಕಂಬಿ ಪೂರ್ತಿ ತಳದಲ್ಲಿತ್ತು. ಮೇಲಿನ ಬಿರುಕಿನಿಂದ ನೀರು ಇಳಿದು ಆ ಕಂಬಿಗೂ ತುಕ್ಕು ಹಿಡಿದಿತ್ತು. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಹಲವು ಪಟ್ಟು ಉಬ್ಬುತ್ತದೆ, ಉಬ್ಬಿ ಸುತ್ತಲ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಅಜ್ಜಿ ಹೇಳುತ್ತಿದ್ದ ಪುಡಿ ಅದೇ.

ಆ ಸಾಲಿನ ಮನೆಗಳನ್ನೆಲ್ಲ ಒಬ್ಬನೇ ಮೇಸ್ತ್ರಿ ಕಟ್ಟಿದ್ದು. ಅದು ನೆನಪಾದಾಗ ನಮಗೆ ಮೈ ಬೆವರಿತು. ಅವತ್ತೇ ಸಂಜೆ ಸುತ್ತಿಗೆ ಹಿಡಿದುಕೊಂಡು ಮನೆ ಮನೆಗೆ ಹೋಗಿ ಸಜ್ಜಾ ತಟ್ಟಿ ನೋಡಿದೆವು. ಗಟ್ಟಿ ಕಾಂಕ್ರೀಟು ಕಣಕಣ ಎನ್ನುತ್ತದೆ, ಟೊಳ್ಳಾದದ್ದು ಬೊದಬೊದ ಎನ್ನುತ್ತದೆ. ಅನುಮಾನ ಬಂದ ಕಡೆಯೆಲ್ಲ ಅಡಿಕೆ ಮರದ ಕಂಬ ಆನಿಸಿ ನಿಲ್ಲಿಸಿದೆವು. ಮಳೆ ಮುಗಿದ ಮೇಲೆ ಕೆಟ್ಟ ಸಜ್ಜಾಗಳನ್ನು ಕಡಿದು ತೆಗೆಸಿ ತಗಡಿನ ಇಳಿಮಾಡು ಹಾಕಿಸಿದೆವು. ನೋಡಲು ಚೆಂದವಿಲ್ಲ ಎಂದು ಈಗಲೂ ಕೆಲವರು ಗೊಣಗುತ್ತಾರೆ. ಗೊಣಗಲಿ.

ನಮ್ಮ ಉಪಸಮಿತಿ ಹುಟ್ಟಿದ್ದು ಹೀಗೆ. 2014ರಿಂದ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ಮನೆಗೊಂದು ಹಾಳೆ. ಹೊರಗಡೆ ವಸ್ತುಪ್ರದರ್ಶನದ ಮೇಜಿನ ಮೇಲಿದೆ, ನಿಮ್ಮ ನಿಮ್ಮ ಮನೆಯ ಹಾಳೆಯನ್ನು ನೀವೇ ತಿರುವಿ ನೋಡಬಹುದು.

ಮೊದಲ ವರ್ಷ ಒಂದು ತಪ್ಪು ಮಾಡಿದೆವು. ಬಿಸಿಲಲ್ಲಿ ಮನೆ ನೋಡಲು ಹೋದೆವು. ಏಪ್ರಿಲ್‌ನಲ್ಲಿ ಎಲ್ಲ ಮನೆಯೂ ಒಣಗಿಯೇ ಇರುತ್ತದೆ. ಈಗ ಆರಿದ್ರಾ, ಪುನರ್ವಸು ಮಳೆ ಸುರಿಯುವಾಗ ಕೊಡೆ ಹಿಡಿದುಕೊಂಡು ಹೋಗುತ್ತೇವೆ. ನೀರು ಎಲ್ಲಿಂದ ಇಳಿಯುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಪಾತ್ರೆ ಎಲ್ಲಿಟ್ಟಿದ್ದಾರೆ ನೋಡಿದರೆ ಸಾಕು. ಇನ್ನೊಂದು ತಪ್ಪು, ಗಂಡಸರೇ ಹೋಗಿ ಗಂಡಸರನ್ನೇ ಕೇಳಿದ್ದು. "ಏನೂ ತೊಂದರೆ ಇಲ್ಲ ಸಾರ್" ಎಂದು ಯಜಮಾನ ಹೇಳುತ್ತಿರುವಾಗಲೇ ಒಳಗಿನಿಂದ ಹೆಂಡತಿ, "ಒಲೆ ಮೇಲೇ ಬೀಳ್ತದಲ್ರೀ!" ಎಂದರು. ಆಮೇಲೆ ಸ್ತ್ರೀಶಕ್ತಿ ಗುಂಪಿನ ಇಬ್ಬರು ತಾಯಂದಿರನ್ನು ಉಪಸಮಿತಿಗೆ ಸೇರಿಸಿಕೊಂಡೆವು. ರಿಜಿಸ್ಟರಿನಲ್ಲಿ ಅಡುಗೆಮನೆ, ಬಚ್ಚಲ ಕಡೆಯ ದೂರುಗಳು ಬರತೊಡಗಿದ್ದು ಅವರು ಬಂದ ಮೇಲೆ.

ಇನ್ನು ಹಂಚಿನ ಮಾತು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬುವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದರಿಂದ ಮಲೆನಾಡಿಗೆ ಆದ ಉಪಕಾರ ಸಣ್ಣದಲ್ಲ. ಹುಲ್ಲು, ಸೋಗೆಯ ಕಾಟ ತಪ್ಪಿತು. ಆದರೆ ಹಂಚು ಹಾಕಿ ಮರೆತುಬಿಡುವ ವಸ್ತುವಲ್ಲ. ನಮ್ಮ ಹಿರಿಯರು ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಿದ್ದರು, ಮುಯ್ಯಾಳಿನಲ್ಲಿ. ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ. ಪಾಚಿ ಕೆರೆದು, ಸರಿದ ಹಂಚನ್ನು ಕೂರಿಸಿ, ಒಡೆದದ್ದನ್ನು ಬದಲಾಯಿಸುವುದು ಎರಡಾಳಿನ ಒಂದು ದಿನದ ಕೆಲಸ. ಅದನ್ನು ನಾಲ್ಕು ವರ್ಷ ಬಿಟ್ಟರೆ ರೀಪು ಲಡ್ಡಾಗುತ್ತದೆ, ಆಮೇಲೆ ಪಕಾಸಿ, ಆಮೇಲೆ ಗೋಡೆಯ ತಲೆ. ಒಂದು ಒಡಕು ಹಂಚಿನಿಂದ ಮನೆಯ ಅರ್ಧ ಮಾಡು ಹೋದದ್ದನ್ನು ಮೊದಲ ಸಾಲಿನಲ್ಲಿ ಎರಡು ಕಡೆ ಕಂಡಿದ್ದೇವೆ.

ಈಗಿನ ಕಷ್ಟ ಬೇರೆ. ಹಳೆಯ ಕಾರ್ಖಾನೆಗಳು ಬಹಳಷ್ಟು ಮುಚ್ಚಿಹೋದವು. ಒಂದು ಕಾರ್ಖಾನೆಯ ಹಂಚಿನ ಕಚ್ಚು ಇನ್ನೊಂದಕ್ಕೆ ಕೂರುವುದಿಲ್ಲ. ಬಲವಂತವಾಗಿ ಕೂರಿಸಿದರೆ ಅಲ್ಲೇ ಸೋರುತ್ತದೆ. ಅದಕ್ಕಾಗಿ, ಊರಲ್ಲಿ ಯಾರಾದರೂ ಹಂಚು ತೆಗೆದು ತಾರಸಿಯೋ ಶೀಟೋ ಹಾಕಿಸುವುದಾದರೆ ಹಳೆಯ ಹಂಚನ್ನು ಸಂಘಕ್ಕೆ ಕೊಡಿ ಎಂದು ಕೇಳಿಕೊಂಡೆವು. ಗೊಬ್ಬರದ ಗೋದಾಮಿನ ಹಿಂದೆ ಕಾರ್ಖಾನೆಯ ಮುದ್ರೆ ನೋಡಿ ಬೇರೆ ಬೇರೆ ಜೋಡಿಸಿಟ್ಟಿದ್ದೇವೆ. ಅದನ್ನು ನೋಡಿದ ಒಬ್ಬ ಅಧಿಕಾರಿಗಳು "ಇದೇನು ಗುಜರಿ?" ಎಂದು ಕೇಳಿದ್ದುಂಟು. ಮಳೆಗಾಲದ ರಾತ್ರಿ ಆ ಗುಜರಿಯ ಬೆಲೆ ಕಾಲೋನಿಯವರಿಗೆ ಗೊತ್ತು.

ಮಣ್ಣಿನ ಗೋಡೆಯ ಬಗ್ಗೆ ಒಂದೇ ಮಾತು. ದಯವಿಟ್ಟು ಅದಕ್ಕೆ ಸಿಮೆಂಟು ಗಿಲಾವು ಮಾಡಿಸಬೇಡಿ. ಮಣ್ಣು ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವ ಒಳಗೇ ನಿಂತು ಎರಡು ಮಳೆಗಾಲದಲ್ಲಿ ಗಿಲಾವು ಹಪ್ಪಳದ ಹಾಗೆ ಎದ್ದು, ಬೀಳುವಾಗ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಸುಣ್ಣದ ಗಾರೆಯೇ ಒಳ್ಳೆಯದು. ಇಳಿನೀರು ಸಿಡಿಯುವ ಕೆಳಗಿನ ಒಂದೂವರೆ ಅಡಿಗೆ ಕಲ್ಲು ಕಟ್ಟಿಸಿ, ಸೂರನ್ನು ಸ್ವಲ್ಪ ಮುಂದಕ್ಕೆ ಚಾಚಿಸಿ. ಇದನ್ನು ಒಪ್ಪಿಸುವುದು ನಮಗೆ ಅತಿ ಕಷ್ಟವಾದ ಕೆಲಸ. "ನಮಗೆ ಮಾತ್ರ ಸುಣ್ಣ, ಗೌಡರ ಮನೆಗೆ ಸಿಮೆಂಟು" ಎಂಬ ಮಾತು ಬಂತು. ಆ ಮಾತಿನ ಹಿಂದಿನ ನೋವನ್ನು ನಾವು ಅಲ್ಲಗಳೆಯುವುದಿಲ್ಲ. ಅದಕ್ಕೇ ಮೊದಲು ಸಂಘದ ಹಳೆಯ ಕಟ್ಟಡದ ಹಿಂಗೋಡೆಗೆ ಸುಣ್ಣದ ಗಾರೆ ಮಾಡಿಸಿ, ಮೂರು ಮಳೆಗಾಲ ಬಿಟ್ಟು, ಕರೆದು ತೋರಿಸಿದೆವು.

ವಯರಿಂಗ್ ವಿಷಯ ಬೇಗ ಮುಗಿಸುತ್ತೇವೆ, ಆದರೆ ಅಪಾಯ ದೊಡ್ಡದು. ಅನೇಕ ಮನೆಗಳಲ್ಲಿ ಭಾಗ್ಯಜ್ಯೋತಿಯಲ್ಲಿ ಒಂದು ಬಲ್ಬಿಗೆಂದು ಎಳೆದ ತಂತಿಯೇ ಇತ್ತು. ಅದರ ಮೇಲೆ ಟಿವಿ, ಮಿಕ್ಸಿ, ಫ್ರಿಜ್ಜು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನೀರು ಕಾಯಿಸುವ ಕಾಯಿಲ್ಲೂ ಬಂತು. ಬಿಲ್ಲು ಇಲ್ಲದಿರಬಹುದು, ತಂತಿ ಹಳೆಯದೇ. ಒದ್ದೆ ಗೋಡೆಯಲ್ಲಿ ಕರೆಂಟು ಹರಿದರೆ ಮುಟ್ಟಿದವರ ಗತಿ ಏನು? ಅರ್ತಿಂಗ್ ಮತ್ತು ಸೋರಿಕೆ ಕಂಡರೆ ತಾನಾಗಿ ಬೀಳುವ 30 ಮಿಲಿ ಆಂಪಿಯರಿನ ಸ್ವಿಚ್ಚು, ಇವೆರಡಕ್ಕೆ ಮಾತ್ರ ನಾವು ಸರದಿ ನೋಡುವುದಿಲ್ಲ. ಕಂಡ ದಿನವೇ ಎಲೆಕ್ಟ್ರಿಷಿಯನ್‌ಗೆ ಹೇಳುತ್ತೇವೆ.

ಉಳಿದ ಎಲ್ಲಕ್ಕೂ ಸರದಿ ಇದೆ. ಇಲ್ಲಿ ಜಗಳವೂ ಇದೆ. ತಲೆಯ ಮೇಲೆ ಬೀಳುವಂಥದ್ದು ಮೊದಲು, ನೀರು ಒಳಗೆ ಬರುವಂಥದ್ದು ಆಮೇಲೆ, ಕಣ್ಣಿಗೆ ಚೆಂದ ಕಾಣುವಂಥದ್ದು ಕೊನೆಗೆ ಎಂದು ಸರ್ವಸದಸ್ಯರ ಸಭೆಯಲ್ಲಿಯೇ ತೀರ್ಮಾನ ಮಾಡಿಸಿಕೊಂಡೆವು. ಒಮ್ಮೆ ನಿರ್ದೇಶಕರೊಬ್ಬರ ತಮ್ಮನ ಮನೆ ಪಟ್ಟಿಯಲ್ಲಿ ಹತ್ತೊಂಬತ್ತನೆಯದಾಗಿತ್ತು, ಮೂರನೆಯದಾಗಲಿ ಎಂದು ಒತ್ತಡ ಬಂತು. ನಾವು ಪಟ್ಟಿಯನ್ನು ಸಂಘದ ಬೋರ್ಡಿಗೆ ಅಂಟಿಸಿ, ಪ್ರತಿ ಹೆಸರಿನ ಮುಂದೆ ಕಾರಣ ಬರೆದೆವು. ಆಮೇಲೆ ಯಾರೂ ಕೇಳಲು ಬರಲಿಲ್ಲ. ಆ ನಿರ್ದೇಶಕರು ಆರು ತಿಂಗಳು ನಮ್ಮೊಡನೆ ಮಾತು ಬಿಟ್ಟಿದ್ದರು. ಈಗ ಮಾತನಾಡುತ್ತಾರೆ, ಮುಂದಿನ ಸಾಲಿನಲ್ಲೇ ಕೂತು ನಗುತ್ತಿದ್ದಾರೆ.

ಕೆಲಸದ ಕಾಲವನ್ನು ಕಚೇರಿಯ ಮಾರ್ಚ್ ತಿಂಗಳು ನಿರ್ಧರಿಸಬಾರದು ಎಂಬುದು ನಾವು ಕಲಿತ ಇನ್ನೊಂದು ಪಾಠ. ಮಳೆಯಲ್ಲಿ ನೋಡಿದ್ದನ್ನು ದೀಪಾವಳಿ ಕಳೆದ ಮೇಲೆ ಅಳತೆ ಮಾಡುತ್ತೇವೆ. ಆಗ ಅಡಿಕೆ ಕೊಯ್ಲು, ಆಳು ಸಿಗುವುದಿಲ್ಲ. ಆದರೆ ಅಂದಾಜು ಪಟ್ಟಿ ಮಾಡಲು ಆಳು ಬೇಡ. ಸಂಕ್ರಾಂತಿಯ ಹೊತ್ತಿಗೆ ಮರ, ಸುಣ್ಣ, ಸಿಮೆಂಟಿನ ಲೆಕ್ಕ ಆಗಿರುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಯ ಮಾಡನ್ನು ಪರೀಕ್ಷೆ ಮುಗಿಯದೆ ಮುಟ್ಟುವುದಿಲ್ಲ. ಬಾಣಂತಿ ಇದ್ದರೆ, ಹಾಸಿಗೆ ಹಿಡಿದವರಿದ್ದರೆ ಮೊದಲು ಅವರಿಗೆ ಬೇರೆ ಜಾಗ. ಸಮುದಾಯ ಭವನದ ಹಿಂದಿನ ಕೋಣೆಯನ್ನು ಇದಕ್ಕಾಗಿಯೇ ಖಾಲಿ ಇಡಿಸಿದ್ದೇವೆ. ಮಾಡು ಬಿಚ್ಚುವ ಮುಂಚೆ ಮನೆಯವರು ಎಲ್ಲಿ ಮಲಗುತ್ತಾರೆ, ಒಲೆ ಎಲ್ಲಿ ಹೂಡುತ್ತಾರೆ ಎಂದು ಹಾಳೆಯಲ್ಲಿ ಬರೆಯದಿದ್ದರೆ ಕೆಲಸ ಶುರುವಾಗುವುದಿಲ್ಲ. ಎಲ್ಲವೂ ರೋಹಿಣಿ ಮಳೆ ಹುಟ್ಟುವುದರೊಳಗೆ ಮುಗಿಯಬೇಕು. ಮುಗಿಯುವುದಿಲ್ಲ, ಒಂದೆರಡು ಮನೆ ಪ್ರತಿ ವರ್ಷ ಉಳಿಯುತ್ತವೆ. ಅವಕ್ಕೆ ಟಾರ್ಪಾಲು ಹೊದಿಸುತ್ತೇವೆ.

ಮೇಸ್ತ್ರಿಗೆ ಪೂರ್ತಿ ಹಣ ಒಂದೇ ಸಲಕ್ಕೆ ಕೊಡುವುದಿಲ್ಲ. ನೂರಕ್ಕೆ ಹತ್ತನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳುತ್ತೇವೆ. ಕೊನೆಯ ಬಿಲ್ಲಿಗೆ ನಮ್ಮ ಸಹಿ ಸಾಲದು, ಮನೆಯಾಕೆಯ ಸಹಿ ಅಥವಾ ಹೆಬ್ಬೆಟ್ಟು ಬೇಕು. ಮೊದಮೊದಲು ಮೇಸ್ತ್ರಿಗಳು ಮುನಿಸಿಕೊಂಡರು. "ಹೆಂಗಸರಿಗೆ ಏನು ಗೊತ್ತಾಗ್ತದೆ ಸ್ವಾಮಿ?" ಎಂದವರೂ ಇದ್ದಾರೆ.

ಗೊತ್ತಾಗುವವರನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ಒಂದನ್ನು ಹೇಳಬೇಕು. ಅಲ್ಲಿ ಬಡವರ ಮನೆಗಳನ್ನು ನಗರಸಭೆಗಳೇ ಕಟ್ಟಿ ಬಾಡಿಗೆಗೆ ಕೊಡುತ್ತವೆ, ದುರಸ್ತಿಯೂ ಅವರದೇ. 2000ನೇ ಇಸವಿಯಲ್ಲಿ ಅಂಥ ಮನೆಗಳೆಲ್ಲ ಇಂತಿಷ್ಟು ಮಟ್ಟಕ್ಕೆ ಬರಬೇಕೆಂದು ಅಲ್ಲಿನ ಸರ್ಕಾರ ಗುರಿ ಹಾಕಿಕೊಂಡಿತು. ಅಡುಗೆಮನೆಗೆ ಎಷ್ಟು ವರ್ಷ, ಬಚ್ಚಲಿಗೆ ಎಷ್ಟು ವರ್ಷ ಎಂಬ ಲೆಕ್ಕ ಕೂಡ ಇತ್ತು. ಅಷ್ಟೆಲ್ಲ ವ್ಯವಸ್ಥೆ ಇರುವ ದೇಶದ ರಾಜಧಾನಿ ಲಂಡನ್ನಿನಲ್ಲಿ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ಕಟ್ಟಡವನ್ನು 2016ರ ಹೊತ್ತಿಗೆ ಸುಧಾರಣೆ ಮಾಡಿ ಮುಗಿಸಿದರು. ಹೊರಗೆ ಹೊಸ ಹೊದಿಕೆ ಹಾಕಿದರು. ಬೆಂಕಿಯ ಭಯ ಇದೆ ಎಂದು ಅಲ್ಲಿದ್ದವರು ಮೊದಲೇ ಹೇಳಿದ್ದರು. 2017ರ ಜೂನ್ 14ರ ರಾತ್ರಿ ಬೆಂಕಿ ಬಿತ್ತು, ಆ ಹೊದಿಕೆಯ ಮೂಲಕವೇ ಮೇಲಕ್ಕೇರಿತು. 72 ಜನ ಸತ್ತರು. 2024ರಲ್ಲಿ ಬಂದ ವಿಚಾರಣೆಯ ವರದಿ ಆ ಸಾವುಗಳೆಲ್ಲ ತಪ್ಪಿಸಬಹುದಾಗಿದ್ದವು ಎಂದಿತು. ಆ ಸುದ್ದಿ ಓದಿದ ದಿನ ನಮಗೆ ನೆನಪಾದದ್ದು ತಿಳಿಹಳದಿ ಬಣ್ಣ ಹೊಡೆದ ಸಜ್ಜಾ.

ಇನ್ನು ಹಣ. ಸಂಘಕ್ಕೆ ಲಾಭ ಬಂದರೆ ಡಿವಿಡೆಂಡ್ ಹಂಚುವ ಮುಂಚೆ ಕನಿಷ್ಠ ನಾಲ್ಕನೇ ಒಂದು ಭಾಗ ಆಪದ್ಧನ ನಿಧಿಗೆ ಹೋಗಬೇಕು ಎಂದು 1959ರ ನಮ್ಮ ಸಹಕಾರ ಕಾಯ್ದೆ ಹೇಳುತ್ತದೆ. ಸಂಘಕ್ಕೆ ಇರುವ ಈ ನಿಯಮ ಮನೆಗೆ ಯಾಕೆ ಬೇಡ ಎಂದು ಯೋಚಿಸಿ ದುರಸ್ತಿ ಠೇವಣಿ ಶುರುಮಾಡಿದೆವು. ತಿಂಗಳಿಗೆ 50 ರೂಪಾಯಿ, ಅವರವರ ಹೆಸರಿನಲ್ಲೇ. ವರ್ಷಕ್ಕೆ 600. ಹಂಚು ಕೈಯಾಡಿಸಲು, ಸುಣ್ಣಕ್ಕೆ ಅದು ಸಾಲುತ್ತದೆ, ಕೆಲಸವನ್ನು ಮುಯ್ಯಾಳಿನಲ್ಲಿ ಮಾಡಿಕೊಂಡರೆ. ತಾರಸಿಗೆ ಸಾಲುವುದಿಲ್ಲ. ಹತ್ತು ವರ್ಷ ಕಟ್ಟಿದರೂ ಅಸಲು 6 ಸಾವಿರವೇ. ತಾರಸಿ ಕೆಲಸಕ್ಕೆ ಸಂಘದಿಂದ ಸಾಲ ಕೊಡುತ್ತೇವೆ, ಠೇವಣಿ ತಪ್ಪದೆ ಕಟ್ಟಿದವರಿಗೆ ಮೊದಲು. ವಸೂಲಾತಿ ಚೆನ್ನಾಗಿದೆ ಎಂದು ಕಾರ್ಯದರ್ಶಿಗಳೇ ಹೇಳುತ್ತಾರೆ, ಅವರು ಸುಮ್ಮನೆ ಹೊಗಳುವವರಲ್ಲ.

ಆಗದೆ ಉಳಿದದ್ದನ್ನೂ ಹೇಳಬೇಕು. ಏಳು ಮನೆಗಳ ಹಕ್ಕುಪತ್ರ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದೆ. ಅಣ್ಣತಮ್ಮಂದಿರಲ್ಲಿ ಒಪ್ಪಂದವಿಲ್ಲ, ಹಾಗಾಗಿ ಸಾಲ ಕೊಡಲು ಬರುವುದಿಲ್ಲ. ಅವರ ಮನೆ ಸೋರುತ್ತಲೇ ಇದೆ. ನಾಲ್ಕು ಮನೆಗೆ ಬೀಗ ಹಾಕಿ ಬೆಂಗಳೂರು ಸೇರಿದ್ದಾರೆ. ಅವರ ಮಾಡಿನ ನೀರು ಪಕ್ಕದ ಮನೆಯ ಗೋಡೆಗೆ ಇಳಿಯುತ್ತದೆ, ಕೀಲಿ ಕೇಳಿದರೆ ಫೋನು ಎತ್ತುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಷೇರು ಹಣ ಕಟ್ಟಲಾರದೆ ಸದಸ್ಯರೇ ಆಗದ ಹನ್ನೊಂದು ಮನೆಗಳಿವೆ, ಕಾಲೋನಿಯಲ್ಲಿ ಅತಿ ಬಡವರು ಅವರೇ. ಉಪವಿಧಿಯ ಪ್ರಕಾರ ಸಂಘದ ಹಣ ಅಲ್ಲಿಗೆ ಹೋಗುವಂತಿಲ್ಲ. ಇಷ್ಟು ದಿನ ನಾವು ನಾಲ್ಕಾರು ಜನ ಕೈಯಿಂದ ಹಾಕಿ, ಗೋದಾಮಿನ ಹಂಚು ಕೊಟ್ಟು ಹೇಗೋ ದಾಟಿಸಿದ್ದೇವೆ. ಷೇರು ಹಣವನ್ನು ಕಂತಿನಲ್ಲಿ ಪಡೆಯುವ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಇಡುತ್ತಿದ್ದೇವೆ. ಅಧ್ಯಕ್ಷರ ಎದುರೇ ಹೇಳುತ್ತಿದ್ದೇವೆ, ಅವರು ಬೇಸರ ಮಾಡಿಕೊಳ್ಳಬಾರದು: ಆ ವಿಷಯವನ್ನು ಹೋದ ವರ್ಷದ ಹಾಗೆ ಕೊನೆಗೆ ಇಟ್ಟು, ಕಾಫಿ ಬಂತೆಂದು ಸಭೆ ಮುಗಿಸಬೇಡಿ.

ಅಜ್ಜಿ ಈಗಿಲ್ಲ. ಮೊಮ್ಮಗ ಐಟಿಐ ಮುಗಿಸಿ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಕಾಲೋನಿಯ ಅರ್ತಿಂಗ್ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿರುವುದು ಅವನೇ, ಕೂಲಿಯಲ್ಲಿ ಒಂದು ಪೈಸೆ ಬಿಡುವುದಿಲ್ಲ, ಬಿಡಲೂ ಬಾರದು.

ಹೊರಡುವ ಮುಂಚೆ ಒಂದು ವಿನಂತಿ. ಉಪಸಮಿತಿಯ ಎರಡು ಏಣಿಗಳಲ್ಲಿ ದೊಡ್ಡದು ಹೋದ ಮಳೆಗಾಲದಲ್ಲಿ ಮುರಿದಿದೆ. ಬಲಿತ ಬಿದಿರು ಇರುವವರು ಎರಡು ಗಳ ಕೊಡುವುದಾದರೆ ಹೊರಗೆ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಹೆಸರು ಬರೆಸಿ ಹೋಗಿ. ಕಡಿದು ಸಾಗಿಸುವ ಕೆಲಸ ನಮ್ಮದು.